ಬೆನ್ನಿಗೊಂದು ಚೀಲ, ಕೈಗೊಂದು ಟಿಕೆಟ್: ಇಬ್ಬರೇ ಬಸ್ಸಿನಲ್ಲಿ ಕೊಡಗು ಸುತ್ತುವ ಬಗೆ

ಸ್ವಂತ ವಾಹನವಿಲ್ಲದೆ ಕೊಡಗು ನೋಡಲಾಗದು ಎನ್ನುವವರೇ ಹೆಚ್ಚು. ಶನಿವಾರ ಬೆಳಿಗ್ಗೆ ಕಾರಿನಲ್ಲಿ ಬಂದು, ದುಬಾರೆ, ಅಬ್ಬಿ, ರಾಜಾಸೀಟು, ತಲಕಾವೇರಿಗಳನ್ನೆಲ್ಲ ಭಾನುವಾರ ಸಂಜೆಯೊಳಗೆ ಮುಗಿಸಿ ಹೊರಡುವವರ ಲೆಕ್ಕದಲ್ಲಿ ಆ ಮಾತು ಸರಿಯೇ. ನಾವು ಗಂಡ ಹೆಂಡತಿ ಮೈಸೂರಿನಿಂದ ಹಲವು ಬಾರಿ ಬಸ್ಸಿನಲ್ಲೇ ಅಲ್ಲಿಗೆ ಹೋಗಿ ಬಂದಿದ್ದೇವೆ. ಪ್ರತಿ ಸಲವೂ ಕಲಿತದ್ದು ಒಂದೇ: ನೋಡುವ ಸ್ಥಳಗಳ ಪಟ್ಟಿಯನ್ನು ಮೊದಲು ಬರೆದು ಆಮೇಲೆ ಬಸ್ಸು ಹುಡುಕಬಾರದು, ಬಸ್ಸು ಹೋಗುವ ದಾರಿಯನ್ನು ಮೊದಲು ತಿಳಿದುಕೊಂಡು ಅದರ ಮೇಲೆ ಸಿಗುವ ಸ್ಥಳಗಳನ್ನು ನೋಡಬೇಕು. ಹಾಗೆ ಮಾಡಿದರೆ ಕುಶಾಲನಗರದ ಕಡೆಯಿಂದ ಒಳಹೊಕ್ಕು, ನಾಲ್ಕು ದಿನ ಸುತ್ತಿ, ಐದನೆಯ ದಿನ ಬಂದ ದಾರಿಯನ್ನೇ ಮತ್ತೆ ತುಳಿಯದೆ ಗೋಣಿಕೊಪ್ಪದ ಕಡೆಯಿಂದ ಹೊರಬರಬಹುದು. ಈ ಬರಹದಲ್ಲಿ ವಿವರಿಸಿರುವುದು ಆ ದಾರಿಯನ್ನೇ.

ಚಹಾ ತೋಟ ಹುಡುಕಿ ಬರುವವರಿಗೆ ಒಂದು ಮಾತು

ತಂಪಾದ ಬೆಟ್ಟದ ಊರೆಂದರೆ ಕತ್ತರಿ ಹಾಕಿದಂತಿರುವ ಹಸಿರು ಇಳಿಜಾರು, ಅದರ ನಡುವೆ ಬುಟ್ಟಿ ಹೊತ್ತ ಹೆಂಗಸರು ಎಂಬ ಚಿತ್ರ ಊಟಿ, ಮುನ್ನಾರುಗಳಿಂದ ಬಂದದ್ದು. ಕೊಡಗು ಕಾಫಿಯ ನಾಡು. ಚಹಾ ಇಲ್ಲವೆಂದಲ್ಲ, ದಕ್ಷಿಣ ಕೊಡಗಿನಲ್ಲಿ ಗ್ಲೆನ್‌ಲೋರ್ನಾದಂಥ ಟೀ ತೋಟವಿದೆ. ಆದರೆ ಅದಕ್ಕೆಂದೇ ನಾಲ್ಕು ದಿನ ಇಟ್ಟುಕೊಂಡು ಬರುವಷ್ಟು ವಿಸ್ತಾರ ಇಲ್ಲಿಲ್ಲ. ಚಹಾ ಬಿಸಿಲಿಗೆ ಮೈಯೊಡ್ಡಿ ಬೆಳೆಯುವ ಗಿಡ, ಕೊಡಗಿನ ಕಾಫಿ ಮರಗಳ ನೆರಳಿನಲ್ಲಿ ಬೆಳೆಯುವ ಗಿಡ. ಹೀಗಾಗಿ ಬಸ್ಸಿನ ಕಿಟಕಿಯಿಂದ ನೋಡುವಾಗ ತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂಬುದು ಹೊಸಬರಿಗೆ ತಿಳಿಯುವುದಿಲ್ಲ. ಸಿಲ್ವರ್ ಓಕ್ ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿದ್ದು, ಕೆಳಗೆ ಎದೆಮಟ್ಟದ ಗಿಡಗಳು ಸಾಲಾಗಿದ್ದರೆ ಅದು ಯಾರದೋ ತೋಟ. ಬೇಲಿ ಕಣ್ಣಿಗೆ ಬೀಳದಿದ್ದರೂ ಕೇಳದೆ ಒಳಹೋಗುವಂತಿಲ್ಲ. ಚಹಾ ತೋಟದ ಹಾಗೆ ದೂರದವರೆಗೆ ಕಣ್ಣು ಹಾಯುವುದೂ ಇಲ್ಲ. ಈ ಕಾರಣದಿಂದಲೇ ಇಲ್ಲಿ ನಡೆಯುವವರು ಮೊಬೈಲಿನ ನಕ್ಷೆಯನ್ನು ನಂಬಿ ಅಡ್ಡದಾರಿ ಹಿಡಿಯಬಾರದು. ನಕ್ಷೆಯಲ್ಲಿ ದಾರಿಯಂತೆ ಕಾಣುವ ಗೆರೆ ಬಹಳ ಸಲ ತೋಟದ ಜೀಪು ದಾರಿಯಾಗಿದ್ದು, ಬೀಗ ಹಾಕಿದ ಗೇಟಿನ ಮುಂದೆ ಕೊನೆಗೊಳ್ಳುತ್ತದೆ.

ತಿಂಗಳನ್ನು ಆರಿಸುವುದು

ಮೊದಲ ಕೆಲಸ ತಿಂಗಳನ್ನು ನಿಶ್ಚಯಿಸುವುದು. ಬಸ್ಸಿನಲ್ಲಿ ಬಂದು ಕಾಲ್ನಡಿಗೆಯಲ್ಲಿ ಸುತ್ತುವ ಇಬ್ಬರಿಗೆ ನವೆಂಬರ್ ನಡುವಿನಿಂದ ಫೆಬ್ರವರಿಯವರೆಗಿನ ಕಾಲ ಎಲ್ಲಕ್ಕಿಂತ ಅನುಕೂಲವೆಂಬುದು ನನ್ನ ಅನುಭವ. ಮಳೆ ನಿಂತಿರುತ್ತದೆ, ಹಗಲು ಹಿತವಾದ ಬಿಸಿಲು, ರಾತ್ರಿ ಕಂಬಳಿ ಬೇಡುವ ಚಳಿ, ಎಲ್ಲಕ್ಕಿಂತ ಮುಖ್ಯವಾಗಿ ಅದು ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಹಣ್ಣು ಮೊದಲು ಕೊಯ್ಲಿಗೆ ಬರುತ್ತದೆ, ರೋಬಸ್ಟಾ ಹೊಸ ವರ್ಷ ಕಳೆದ ಮೇಲೆ.

ಒಂದು ಜನವರಿಯ ಸಂಜೆ ನಾವು ಉಳಿದಿದ್ದ ಮನೆಯ ಕಣದಲ್ಲಿ ರೋಬಸ್ಟಾ ಹಣ್ಣು ಒಣಗಲು ಹರಡಿತ್ತು. ಒಂದು ಬದಿಯಲ್ಲಿ ಅಂದು ಕೊಯ್ದ ಕೆಂಪು ಹಣ್ಣು, ಅದರಾಚೆ ಕಂದಿದ ಬಣ್ಣದ್ದು, ಇನ್ನೊಂದು ತುದಿಯಲ್ಲಿ ಕಪ್ಪಗೆ ಸುಕ್ಕುಗಟ್ಟಿದ್ದು, ಹೀಗೆ ಹಲವು ದಿನಗಳ ಬಿಸಿಲು ಒಂದೇ ನೆಲದ ಮೇಲೆ ಕಾಣುತ್ತಿತ್ತು. ಮನೆಯ ಯಜಮಾನರು ಕಪ್ಪು ತುದಿಯಿಂದ ಒಂದು ಹಿಡಿ ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಸಿಪ್ಪೆಯೊಳಗೆ ಬೀಜ ಗಲಗಲ ಎಂದಿತು. ಹಾಗೆ ಸದ್ದು ಬಂದರೆ ಒಣಗಿದೆ ಎಂದರ್ಥ, ಬರದಿದ್ದರೆ ನಾಳೆಯೂ ಬಿಸಿಲು ಬೇಕು. ರಾತ್ರಿ ಇಬ್ಬನಿ ಬೀಳುವ ಮೊದಲು ಅದನ್ನೆಲ್ಲ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕಿತ್ತು, ನಾವೂ ಒಂದು ಅಂಚು ಹಿಡಿದೆವು.

ಮಾರ್ಚ್ ಏಪ್ರಿಲ್‌ನಲ್ಲಿ ಬೀಳುವ ಮೊದಲ ಮಳೆಗೆ ಇಲ್ಲಿನವರು ಹೂಮಳೆ ಎನ್ನುತ್ತಾರೆ. ಆ ಮಳೆಯಾದ ವಾರ ಹತ್ತು ದಿನಗಳಲ್ಲಿ ಗಿಡಗಳೆಲ್ಲ ಒಟ್ಟಿಗೆ ಬೆಳ್ಳಗೆ ಹೂಬಿಟ್ಟು, ಮಲ್ಲಿಗೆಯನ್ನು ನೆನಪಿಸುವ ಪರಿಮಳ ರಸ್ತೆಯವರೆಗೂ ಬರುತ್ತದೆ. ಅದಿರುವುದು ಮೂರು ನಾಲ್ಕು ದಿನ ಮಾತ್ರವಾದ್ದರಿಂದ ಮುಂಗಡ ಬುಕಿಂಗ್ ಮಾಡಿ ಹಿಡಿಯಲಾಗುವ ನೋಟವಲ್ಲ, ಸಿಕ್ಕಿದರೆ ಪುಣ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ಮೊದಲ ಬಾರಿ ಬರುವವರು ಬಿಟ್ಟುಬಿಡುವುದೇ ಒಳ್ಳೆಯದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಕಡಿದುಹೋಗಿತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಜೀವಹಾನಿಯಾಯಿತು. ಜಲಪಾತಗಳು ಮೈದುಂಬಿರುವುದನ್ನು ನೋಡಲೇಬೇಕೆಂದಿದ್ದರೆ ಮಳೆ ಇಳಿಮುಖವಾಗುವ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಆಗಬಹುದು. ಆದರೆ ಆಗ ಎರಡು ದಿನಾಂಕಗಳನ್ನು ಪಂಚಾಂಗದಲ್ಲಿ ನೋಡಿಕೊಳ್ಳಬೇಕು: ಮಡಿಕೇರಿ ದಸರಾ ಮತ್ತು ಅಕ್ಟೋಬರ್ 17ರ ಸುಮಾರಿಗೆ ಬರುವ, ತಲಕಾವೇರಿಯಲ್ಲಿ ಜಾತ್ರೆ ಸೇರುವ ತುಲಾ ಸಂಕ್ರಮಣ. ಆ ದಿನಗಳಲ್ಲಿ ಕೋಣೆಯೂ ಸಿಗುವುದಿಲ್ಲ, ಬಸ್ಸಿನಲ್ಲಿ ನಿಲ್ಲಲು ಜಾಗವೂ ಸಿಗುವುದಿಲ್ಲ.

ಚೀಲ ಕಟ್ಟುವುದು

ಚೀಲ ಎಷ್ಟು ಭಾರವಿರಬೇಕೆಂದು ನಿರ್ಧರಿಸುವುದು ಬಸ್ಸು. ಕೊಡಗಿನ ಒಳದಾರಿಗಳಲ್ಲಿ ಓಡುವ ಚಿಕ್ಕ ಬಸ್ಸುಗಳಲ್ಲಿ ದೊಡ್ಡ ಚೀಲವನ್ನು ಡ್ರೈವರ್ ಪಕ್ಕದ ಎಂಜಿನ್ ಪೆಟ್ಟಿಗೆಯ ಬಳಿಯೋ ಹಿಂದಿನ ಸೀಟಿನ ಕೆಳಗೋ ತುರುಕಬೇಕಾಗುತ್ತದೆ. ತೊಡೆಯ ಮೇಲೆ ಇಟ್ಟುಕೊಂಡು ಒಂದೂವರೆ ಗಂಟೆ ಕೂರಬಲ್ಲಷ್ಟು ಭಾರವಿದ್ದರೆ ಸಾಕೆಂಬುದು ನಮ್ಮ ಅಳತೆ. ಒಬ್ಬೊಬ್ಬರಿಗೂ ಒಂದು ಸ್ವೆಟರ್, ಮಳೆ ಅಂಗಿ, ಬೇಗ ಒಣಗುವ ಎರಡು ಜೊತೆ ಬಟ್ಟೆ, ಉದ್ದನೆಯ ಕಾಲುಚೀಲ, ಟಾರ್ಚ್. ನೀರಿನ ಬಾಟಲಿ ಮನೆಯಿಂದಲೇ ಬರಲಿ. ಮಳೆಗಾಳಿಗೆ ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಮೊಬೈಲ್ ಸಿಗ್ನಲ್ಲೂ ಹೋಗುವ ಊರುಗಳಿರುವುದರಿಂದ ಒಂದಿಷ್ಟು ನಗದು ಇಬ್ಬರ ಬಳಿಯೂ ಬೇರೆಬೇರೆಯಾಗಿ ಇರಲಿ. ಇಬ್ಬರ ಮೂಲ ಗುರುತಿನ ಚೀಟಿಗಳನ್ನೂ ತರಬೇಕು, ಫೋನಿನಲ್ಲಿರುವ ಫೋಟೋ ನೋಡಿ ಕೋಣೆ ಕೊಡಲು ಒಪ್ಪದವರಿದ್ದಾರೆ.

ಹೊರಡುವುದು ಮತ್ತು ತಲುಪುವುದು

ಕೊಡಗು ಜಿಲ್ಲೆಯೊಳಗೆ ರೈಲು ಹಳಿ ಇಲ್ಲ. ರೈಲಿನಲ್ಲಿ ಬರುವವರಿಗೆ ಮೈಸೂರೇ ಅನುಕೂಲ. ಅಲ್ಲಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಸರ್ಕಾರಿ ಬಸ್ಸು ಸಿಗುತ್ತದೆ, ಮಂಗಳೂರಿನ ಕಡೆಯವರಿಗೆ ಪುತ್ತೂರು, ಸುಳ್ಯ, ಸಂಪಾಜೆಯ ದಾರಿ. ರಾತ್ರಿ ಬಸ್ಸು ಹತ್ತಿದರೆ ಒಂದು ದಿನದ ಬಾಡಿಗೆ ಉಳಿಯಿತು ಎಂದುಕೊಳ್ಳುವವರಿಗೆ ನನ್ನ ಸಲಹೆ ಬೇಡವೆಂದೇ. ನಸುಕಿನ ನಾಲ್ಕೂವರೆಗೆ ಮಂಜು ಕವಿದ ನಿಲ್ದಾಣದಲ್ಲಿ ಇಳಿದರೆ ಹೋಟೆಲುಗಳು ತೆರೆದಿರುವುದಿಲ್ಲ, ಕೋಣೆಯವರು ಮಧ್ಯಾಹ್ನ ಹನ್ನೆರಡಕ್ಕೆ ಬನ್ನಿ ಎನ್ನುತ್ತಾರೆ, ಚಳಿಯಲ್ಲಿ ಕೂತ ಆ ನಾಲ್ಕು ಗಂಟೆ ದಿನವಿಡೀ ಮೈಮೇಲಿರುತ್ತದೆ. ಬೆಳಗಿನ ಮೊದಲ ಬಸ್ಸು ಹತ್ತಿ ಊಟದ ಹೊತ್ತಿಗೆ ಇಳಿಯುವುದೇ ಸರಿ.

ಟಿಕೆಟ್ಟಿನ ವಿಷಯದಲ್ಲಿ ಒಂದು ಸಣ್ಣ ತಮಾಷೆಯಿದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹಾಗಾಗಿ ಮಡಿಕೇರಿಯವರೆಗೆ ನನ್ನದು ಸೊನ್ನೆ ರೂಪಾಯಿಯ ಟಿಕೆಟ್, ನಮ್ಮ ಮನೆಯವರದು ಮಾತ್ರ ದುಡ್ಡಿನ ಟಿಕೆಟ್. ಮಡಿಕೇರಿಯಿಂದ ಒಳಗಿನ ಊರುಗಳಿಗೆ ಹೋಗುವಾಗ ಈ ಲೆಕ್ಕ ತಲೆಕೆಳಗಾಗುತ್ತದೆ, ಏಕೆಂದರೆ ಕೊಡಗಿನ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳು ಬಹಳ. ಅವುಗಳಲ್ಲಿ ಇಬ್ಬರಿಗೂ ಟಿಕೆಟ್ ಕೊಳ್ಳಬೇಕು. ಮಡಿಕೇರಿಯಲ್ಲಿ ಸರ್ಕಾರಿ ಬಸ್ಸಿನ ನಿಲ್ದಾಣ ಬೇರೆ, ಖಾಸಗಿ ಬಸ್ಸಿನ ನಿಲ್ದಾಣ ಬೇರೆ. ಬಂದ ದಿನವೇ ಎರಡೂ ಕಡೆ ಹೋಗಿ, ಮಾರನೆಯ ದಿನದ ಹೊರಡುವ ಹೊತ್ತನ್ನೂ, ಅದಕ್ಕಿಂತ ಮುಖ್ಯವಾಗಿ ಆ ಊರಿನಿಂದ ಹಿಂದಕ್ಕೆ ಬರುವ ಕೊನೆಯ ಬಸ್ಸಿನ ಹೊತ್ತನ್ನೂ ಕೇಳಿ ಕಾಗದದಲ್ಲಿ ಬರೆದುಕೊಳ್ಳಬೇಕು. ಅಂತರ್ಜಾಲದಲ್ಲಿರುವ ವೇಳೆಗಳನ್ನು ನಂಬಬಾರದು. ಕಂಡಕ್ಟರ್ ಹೇಳಿದ್ದನ್ನು ನಂಬಬಹುದು.

ಉಳಿಯುವ ಜಾಗ: ನಾವು ಬಿದ್ದ ಹಳ್ಳ

ಮೊದಲ ಎರಡು ರಾತ್ರಿ ಮಡಿಕೇರಿ ಪೇಟೆಯೊಳಗೆ, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಇರಲಿ. ಆಮೇಲಿನ ಎರಡು ರಾತ್ರಿ ಕಕ್ಕಬ್ಬೆಯ ಕಡೆ ಹೋಂಸ್ಟೇಯಲ್ಲಿ. ಹೋಂಸ್ಟೇ ಗೊತ್ತುಮಾಡುವಾಗ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದು ಕೇಳಬೇಕು. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು ಎಂಬುದನ್ನು ನಾವು ಕಲಿತದ್ದು ಸಿದ್ದಾಪುರದ ಕಡೆಯ ಒಂದು ಮನೆಗೆ ಹೋದಾಗ. ಫೋನಿನಲ್ಲಿ ಅವರು ‘ಬಸ್ ಸ್ಟಾಪಿನಿಂದ ಹತ್ತೇ ನಿಮಿಷ’ ಎಂದಿದ್ದರು. ಅದು ಜೀಪಿನ ಹತ್ತು ನಿಮಿಷವೆಂದು ನಮಗೆ ಹೊಳೆದದ್ದು ಮುಕ್ಕಾಲು ಗಂಟೆ ನಡೆದ ಮೇಲೆ. ಸಂಜೆ ಆರೂವರೆ ದಾಟಿತ್ತು, ಎರಡೂ ಬದಿಯಲ್ಲಿ ತೋಟ, ಫೋನು ಹೋಗುತ್ತಿರಲಿಲ್ಲ. ಎದುರಿನಿಂದ ಬೈಕಿನಲ್ಲಿ ಬಂದ ತೋಟದ ಲೆಕ್ಕ ನೋಡುವ ರೈಟರ್ ಒಬ್ಬರು ನಮ್ಮನ್ನು ನೋಡಿ ಗಕ್ಕನೆ ನಿಂತರು. ‘ಈ ಹೊತ್ತಲ್ಲಿ ನಡ್ಕೊಂಡು ಎಲ್ಲಿಗೆ ಹೊರಟದ್ದು ನೀವು? ನಿನ್ನೆ ಇದೇ ತಿರುವಲ್ಲಿ ಆನೆ ಇತ್ತು, ಗೊತ್ತುಂಟಾ?’ ಎಂದು ಗದರಿದವರು, ನಾವು ಆ ಮನೆ ಸೇರುವವರೆಗೂ ಬೈಕನ್ನು ಮೊದಲ ಗೇರಿನಲ್ಲಿ ಹಿಂದೆಯೇ ಓಡಿಸಿಕೊಂಡು ಬಂದರು. ಹೆಸರು ಕೇಳುವುದನ್ನೂ ನಾವು ಮರೆತೆವು.

ಸಿದ್ದಾಪುರ, ತಿತಿಮತಿ, ಮಾಲ್ದಾರೆ ಕಡೆಗಳಲ್ಲಿ ಕಾಡಾನೆ ತೋಟಕ್ಕಿಳಿಯುವುದು ದಿನನಿತ್ಯದ ಮಾತು. ಹಲಸಿನ ಹಣ್ಣಿನ ಕಾಲದಲ್ಲಂತೂ ಇನ್ನೂ ಹೆಚ್ಚು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ‘ಬಸ್ಸಿಳಿದ ಕಡೆಯಿಂದ ನಿಮ್ಮ ಮನೆಗೆ ಎಷ್ಟು ಕಿಲೋಮೀಟರ್, ಕರೆದುಕೊಂಡು ಹೋಗಲು ವಾಹನ ಬರುತ್ತದೆಯೇ?’ ನಿಮಿಷಗಳ ಲೆಕ್ಕದಲ್ಲಿ ಉತ್ತರ ಬಂದರೆ ಮತ್ತೊಮ್ಮೆ ಕಿಲೋಮೀಟರಿನಲ್ಲೇ ಕೇಳಿ. ಕತ್ತಲಾಗುವ ಒಂದು ಗಂಟೆ ಮೊದಲೇ ಮನೆ ಸೇರಿರಬೇಕು, ಬೆಳಿಗ್ಗೆಯೂ ಚೆನ್ನಾಗಿ ಬೆಳಕಾದ ಮೇಲೆಯೇ ತೋಟದ ದಾರಿಗೆ ಇಳಿಯಬೇಕು.

ಮೊದಲ ದಿನ: ಮಡಿಕೇರಿ, ಕಾಲ್ನಡಿಗೆ

ಸುಮಾರು 1,150 ಮೀಟರ್ ಎತ್ತರದಲ್ಲಿರುವ ಈ ಪೇಟೆ ಏರಿಳಿತಗಳ ಮೇಲೆ ಕೂತಿರುವುದರಿಂದ ಅರ್ಧ ಕಿಲೋಮೀಟರ್ ನಡೆದರೂ ಮೊಣಕಾಲಿಗೆ ತಿಳಿಯುತ್ತದೆ. ಮಧ್ಯಾಹ್ನ ಕೋಟೆಯನ್ನೂ ಅದರ ಅಂಗಳದ ಎರಡು ಕಲ್ಲಾನೆಗಳನ್ನೂ ನೋಡಿ, ಅಲ್ಲಿಂದ ಕೆಳಗಿಳಿದು 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಾಲಯಕ್ಕೆ ಹೋಗಬಹುದು. ಗುಮ್ಮಟವಿರುವ ಈ ಶಿವಾಲಯದ ಎದುರಿನ ಕೊಳದ ಕಟ್ಟೆಯ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರುವುದು ರಾಜಾಸೀಟಿನ ಜನಜಂಗುಳಿಗಿಂತ ನನಗೆ ಇಷ್ಟ. ಮಳೆ ಹಿಡಿದರೆ ಸನ್ನಿಸೈಡ್‌ಗೆ ಹೋಗಿ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರು ಬಾಲ್ಯ ಕಳೆದ ಆ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಬ್ಬಿ ಜಲಪಾತ ಪೇಟೆಯಿಂದ ಏಳೆಂಟು ಕಿಲೋಮೀಟರ್, ಆಟೋದವರು ಹೋಗಿಬರಲು ಕಾಯುವ ಹೊತ್ತೂ ಸೇರಿಸಿ ಒಂದು ದರ ಹೇಳುತ್ತಾರೆ. ಬೇಸಿಗೆಯಲ್ಲಾದರೆ ಅಲ್ಲಿಗೆ ಹೋಗುವ ಖರ್ಚು ದಂಡ. ಬಂದ ದಿನ ಶುಕ್ರವಾರವಾಗಿದ್ದರೆ ಸಂತೆಗೆ ಹೋಗುವುದನ್ನು ತಪ್ಪಿಸಬೇಡಿ. ಸಂತೆಯ ದಿನ ಬಸ್ಸು ಕಿಕ್ಕಿರಿದಿರುತ್ತದೆ ಎಂಬುದನ್ನೂ ಮರೆಯಬೇಡಿ.

ಎರಡನೆಯ ದಿನ: ಭಾಗಮಂಡಲ, ತಲಕಾವೇರಿ

ಚೀಲವನ್ನು ಕೋಣೆಯಲ್ಲೇ ಬಿಟ್ಟು ಬೆಳಗಿನ ಬಸ್ಸಿಗೆ ಭಾಗಮಂಡಲಕ್ಕೆ ಹೊರಡಬೇಕು. ಕಾವೇರಿ, ಕನ್ನಿಕೆ, ಸುಜ್ಯೋತಿ ಎಂಬ ಮೂರು ನದಿಗಳು ಕೂಡುವ ಸ್ಥಳವಿದು. ಸುಜ್ಯೋತಿ ಕಣ್ಣಿಗೆ ಕಾಣದೆ ನೆಲದಡಿಯಲ್ಲಿ ಹರಿಯುತ್ತದೆ ಎಂಬ ನಂಬಿಕೆ. ಭಗಂಡೇಶ್ವರ ದೇವಾಲಯದ ಇಳಿಮಾಡು, ಮರದ ಕೆತ್ತನೆಗಳು ಕೇರಳದ ಶೈಲಿಯವು. ಇಲ್ಲಿಂದ ತಲಕಾವೇರಿ ಎಂಟು ಕಿಲೋಮೀಟರ್, ಪೂರ್ತಿ ಏರುದಾರಿ. ಬಸ್ಸು ವಿರಳವಾದ್ದರಿಂದ ಹತ್ತುವಾಗ ಬಸ್ಸಿನಲ್ಲೋ ಜೀಪಿನಲ್ಲೋ ಹೋಗಿ, ಇಳಿಯುವಾಗ ನಡೆಯುವುದು ನಮ್ಮ ಕ್ರಮ. 1,276 ಮೀಟರ್ ಎತ್ತರದಲ್ಲಿ, ಕಾವೇರಿ ಹುಟ್ಟುವ ಆ ಪುಟ್ಟ ಕುಂಡಿಕೆಯ ಮುಂದೆ ನಿಂತಾಗ, ಮನೆಯ ನಲ್ಲಿಯಲ್ಲಿ ಬರುವ ನೀರು ಇದೇ ಎಂಬುದು ಮೈಸೂರಿನವರಾದ ನಮಗೆ ಪ್ರತಿ ಸಲವೂ ವಿಚಿತ್ರವೆನಿಸುತ್ತದೆ. ಮೈಮುಚ್ಚುವ ಉಡುಪಿನಲ್ಲಿ ಹೋಗಬೇಕು, ಚಡ್ಡಿ ತೊಟ್ಟವರನ್ನು ಒಳಗೆ ಬಿಡುವುದಿಲ್ಲ. ಭಾಗಮಂಡಲದಿಂದ ಮಡಿಕೇರಿಗೆ ಕೊನೆಯ ಬಸ್ಸನ್ನು ನೆಚ್ಚದೆ ಅದರ ಹಿಂದಿನದನ್ನು ಹಿಡಿಯಬೇಕು. ಕೊನೆಯದು ಬಾರದಿದ್ದರೆ ಬೇರೆ ದಾರಿಯಿಲ್ಲ.

ಮೂರನೆಯ ಮತ್ತು ನಾಲ್ಕನೆಯ ದಿನ: ಕಕ್ಕಬ್ಬೆ, ತಡಿಯಂಡಮೋಳ್

ಈ ದಾರಿಯ ತಿರುಳು ಇರುವುದು ಇಲ್ಲಿ. ಮಡಿಕೇರಿಯಿಂದ ಮೂರ್ನಾಡು, ನಾಪೋಕ್ಲು ಮೂಲಕ ಕಕ್ಕಬ್ಬೆಗೆ ಚೀಲ ಸಮೇತ ಹೊರಟು, ಮಧ್ಯಾಹ್ನ ಮನೆ ಸೇರಿ, ಅಂದು ಸಂಜೆ ಪಾಡಿ ಇಗ್ಗುತಪ್ಪ ದೇವಾಲಯಕ್ಕೆ ಮಾತ್ರ ಹೋಗಿ ಬಂದು ಬೇಗ ಮಲಗಬೇಕು. ಮರುದಿನ ಹತ್ತುವುದು ಕೊಡಗಿನ ಅತ್ಯಂತ ಎತ್ತರದ ಶಿಖರ, 1,748 ಮೀಟರಿನ ತಡಿಯಂಡಮೋಳ್. ಇದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ರಾಜ್ಯದ ಚಾರಣದ ಟಿಕೆಟ್‌ಗಳು ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಸಿಗುತ್ತವೆ. ಮಳೆ ಜೋರಾದಾಗಲೂ ಕಾಳ್ಗಿಚ್ಚಿನ ಕಾಲದಲ್ಲೂ ಬೆಟ್ಟದ ದಾರಿ ಮುಚ್ಚುವುದುಂಟು, ಆದ್ದರಿಂದ ಬಸ್ಸು ಕೋಣೆಗಳಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ.

ಕಕ್ಕಬ್ಬೆ ಸಮೀಪದ ಕೈಕಂಬದಲ್ಲಿ ಬಸ್ಸಿಳಿದು ನಡೆದರೆ ಮೊದಲು ಸಿಗುವುದು ನಾಲ್ಕುನಾಡು ಅರಮನೆ. ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ, ಹೊರಗಿನಿಂದ ದೊಡ್ಡ ಮನೆಯಂತೆ ಕಾಣುವ ಎರಡಂತಸ್ತಿನ ಕಟ್ಟಡವದು. ಒಳಗಿನ ಬಣ್ಣದ ಚಿತ್ತಾರಗಳನ್ನೂ ಅಡಗುತಾಣದಂಥ ಕತ್ತಲೆ ಕೋಣೆಗಳನ್ನೂ ಇಳಿದು ಬರುವಾಗ ನೋಡಿದರಾಯಿತು, ಹತ್ತುವಾಗ ಹೊತ್ತು ಕಳೆಯಬಾರದು. ಅಲ್ಲಿಂದ ಶಿಖರಕ್ಕೆ ಐದಾರು ಕಿಲೋಮೀಟರ್. ಮೊದಲ ಅರ್ಧ ಜೀಪು ಹೋಗುವಷ್ಟು ಅಗಲದ ದಾರಿ, ನಡುವೆ ಒಂದು ತೊರೆ. ಆಮೇಲೆ ಹುಲ್ಲುಗಾವಲು, ಅದರ ಮಡಿಲಿನಲ್ಲಿ ಕಣಿವೆಗಂಟಿದ ಕುಳ್ಳ ಮರಗಳ ಶೋಲಾ ಕಾಡು, ಕೊನೆಯ ಏರಿನಲ್ಲಿ ಬೇರು ಹಿಡಿದು ಹತ್ತಬೇಕಾದ ಕಡಿದಾದ ತುಂಡು. ಇಬ್ಬರಲ್ಲಿ ಒಬ್ಬರು ನಿಧಾನವಾಗಿದ್ದರೆ ಅವರೇ ಮುಂದೆ ನಡೆಯಲಿ. ನಮ್ಮಲ್ಲಿ ನಿಧಾನ ನಾನೇ. ನಾನು ಹಿಂದೆ ನಡೆದ ವರ್ಷ ದಾರಿಯುದ್ದಕ್ಕೂ ಜಗಳವಾಗಿತ್ತು, ಮುಂದೆ ನಡೆದ ವರ್ಷ ಆಗಲಿಲ್ಲ. ಬೆಳಿಗ್ಗೆ ಏಳಕ್ಕೆ ಅರಮನೆ ಬಿಟ್ಟರೆ ಮೂರು ಗಂಟೆಯಲ್ಲಿ ತುದಿ, ಬುತ್ತಿ ಬಿಚ್ಚಿ ತಿಂದು ಮಂಜು ಏರುವ ಮೊದಲೇ ಇಳಿಯಲು ತೊಡಗಬಹುದು. ದಾರಿಯಲ್ಲಿ ಅಂಗಡಿಗಳಿಲ್ಲ, ಬುತ್ತಿಯ ಎಲೆ ಪೊಟ್ಟಣಗಳೂ ಚೀಲದಲ್ಲೇ ಹಿಂದಕ್ಕೆ ಬರಬೇಕು.

ನೆಲ ಒದ್ದೆಯಿದ್ದರೆ ಜಿಗಣೆ ಹತ್ತುವುದು ಖಂಡಿತ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಪ್ಪನ್ನೋ ಹೊಗೆಸೊಪ್ಪು ಸುಣ್ಣವನ್ನೋ ಬಟ್ಟೆಯಲ್ಲಿ ಗಂಟುಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡರೆ ಹತ್ತಿದ್ದನ್ನು ಮುಟ್ಟಿಸಿ ಬೀಳಿಸಬಹುದು. ಜಗ್ಗಿ ಕೀಳಬಾರದು. ಅದು ಬಿಟ್ಟ ಮೇಲೂ ರಕ್ತ ಬೇಗ ಹೆಪ್ಪುಗಟ್ಟದೆ ಸೋರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ತೊಳೆದು ಬಟ್ಟೆ ಕಟ್ಟಿದರೆ ಸಾಕು.

ಊಟದ ವಿಷಯವನ್ನು ಹಿಂದಿನ ದಿನವೇ ಹೋಂಸ್ಟೇಯವರಿಗೆ ಹೇಳಬೇಕು. ನಮ್ಮ ಮನೆಯವರಿಗೆ ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕಿದ ಪಂದಿಕರಿ (ಹಂದಿಮಾಂಸದ ಸಾರು), ಅಕ್ಕಿತರಿಯ ಉಂಡೆ ಕಡಂಬುಟ್ಟು ಇದ್ದರೆ ಬೇರೇನೂ ಬೇಡ. ಸಸ್ಯಾಹಾರಿಯಾದ ನನಗೆ ಶಾವಿಗೆಯಂಥ ನೂಪುಟ್ಟಿನ ಜೊತೆ ತರಕಾರಿ ಸಾರು, ಮಳೆಗಾಲದಲ್ಲಾದರೆ ಬಿದಿರಿನ ಕಣಿಲೆಯ ಪಲ್ಯ ಸಿಗುತ್ತದೆ. ಬೆಳಿಗ್ಗೆ ಹಾಲಿಲ್ಲದ ಬೆಲ್ಲದ ಕಾಫಿ ಕೇಳಿ ಕುಡಿಯಿರಿ. ಊರೊಳಗೆ ನಡೆಯುವಾಗ ದೇವರಕಾಡು ಎದುರಾದರೆ ಹೊರಗೇ ನಿಂತು ನೋಡಬೇಕು. ಜಿಲ್ಲೆಯಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ, ಒಳಗಿನ ಒಣಗಿದ ಕಡ್ಡಿಯನ್ನೂ ತರುವಂತಿಲ್ಲ. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳು ನೋಡಲು ಅರಮನೆಯಂತಿದ್ದರೂ ಅವು ಕುಟುಂಬದವರ ಮನೆಗಳೇ, ಕೇಳದೆ ಅಂಗಳಕ್ಕಿಳಿದು ಫೋಟೋ ತೆಗೆಯಬಾರದು.

ಹೊರಡುವುದು

ಐದನೆಯ ದಿನ ಬೆಳಿಗ್ಗೆ ಕಕ್ಕಬ್ಬೆಯಿಂದ ವಿರಾಜಪೇಟೆಗೆ ಬಸ್ಸು ಹಿಡಿದು, ಅಲ್ಲಿಂದ ಗೋಣಿಕೊಪ್ಪ, ತಿತಿಮತಿ, ಹುಣಸೂರಿನ ಮೇಲೆ ಮೈಸೂರು ಸೇರಬಹುದು. ತಿತಿಮತಿ ದಾಟಿದ ಮೇಲೆ ರಸ್ತೆ ನಾಗರಹೊಳೆಯ ಕಾಡಿನ ನಡುವೆ ಹಾಯುತ್ತದೆ, ಮತ್ತಿಗೋಡು ಆನೆ ಶಿಬಿರ ಈ ದಾರಿಯಲ್ಲೇ ಇದೆ. ಅಷ್ಟು ದೂರವಾದರೂ ನಿದ್ದೆ ಮಾಡದೆ ಕಿಟಕಿಯ ಹೊರಗೆ ನೋಡಬೇಕು. ಕಾಫಿ ಪುಡಿ ಕೊಳ್ಳುವ ಆಸೆಯಿದ್ದರೆ ಅದನ್ನು ವಿರಾಜಪೇಟೆಯಲ್ಲಿ, ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಮುಗಿಸಬಹುದು. ಪೊಟ್ಟಣದ ಮೇಲೆ ಚಿಕೋರಿ ಶೇಕಡಾ ಎಷ್ಟೆಂದು ಮುದ್ರಿಸಿರುತ್ತದೆ, ಅದನ್ನು ಓದಿ ಕೊಳ್ಳಿ. ಪುಡಿ ಮಾಡಿಕೊಡುವ ಅಂಗಡಿಯಾದರೆ ಚಿಕೋರಿ ಬೇಡವೆಂದು ಬೀಜ ಹಾಕುವ ಮೊದಲೇ ಹೇಳಬೇಕು. ನಾವು ಒಮ್ಮೆ ಹೇಳುವುದು ತಡವಾಗಿ, ಅರ್ಧ ಕಿಲೋ ಮಿಶ್ರಣವನ್ನು ಎರಡು ತಿಂಗಳು ಕುಡಿದೆವು.